ಕುದುರೆಯ ಕಣ್ಣಿನಿಂದ ನೋಡಿದ ಪುಸ್ತಕಗಳು



ಕುದುರೆಯನ್ನು ಕುರಿತ ಪುಸ್ತಕವೆಂದರೆ ನಿಮಗೆ ಏನು ನೆನಪಾಗುತ್ತದೆ? ರಾಜರ ಕಥೆ, ರಾವುತರ ಪಡೆ, ಯುದ್ಧ, ಇಲ್ಲವೆ ರೇಸಿನ ಮೈದಾನ. ಇವುಗಳಲ್ಲೆಲ್ಲ ಕುದುರೆ ಇರುತ್ತದೆ, ನಿಜ. ಆದರೆ ಬರೆದವರ ಗಮನ ಬಹುಮಟ್ಟಿಗೆ ಅದರ ಬೆನ್ನ ಮೇಲೆ ಕುಳಿತವನ ಕಡೆಗೆ. ಕುದುರೆ ಅವನ ಹೆಸರಿಗೆ ಸೇರಿಕೊಂಡ ಒಂದು ಬಿರುದಿನಂತೆ ಬಂದು ಹೋಗುತ್ತದೆ. ಜೀನಿನಿಂದ ಕೆಳಗಿಳಿದು, ಪ್ರಾಣಿಯ ಪಕ್ಕದಲ್ಲಿ ನಿಂತು, ಇದಕ್ಕೆ ಏನು ಕಾಣುತ್ತದೆ, ಎಲ್ಲಿ ನೋಯುತ್ತದೆ ಎಂದು ವಿಚಾರಿಸಿದ ಪುಸ್ತಕಗಳು ಕಡಿಮೆ. ಅಂಥ ಕೆಲವನ್ನು ನಿಮಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಪುಸ್ತಕಗಳಿಗೆ ಹೋಗುವ ಮೊದಲು ಕುದುರೆಯ ಕಣ್ಣಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. ನೆಲದ ಮೇಲೆ ಬಾಳುವ ಸಸ್ತನಿಗಳಲ್ಲಿ ಅತ್ಯಂತ ದೊಡ್ಡ ಕಣ್ಣುಗಳ ಸಾಲಿಗೆ ಕುದುರೆಯ ಕಣ್ಣು ಸೇರುತ್ತದೆ. ನಮ್ಮ ಕಣ್ಣುಗಳು ಮುಖದ ಮುಂಭಾಗದಲ್ಲಿವೆ. ಕುದುರೆಯವು ತಲೆಯ ಎರಡು ಪಕ್ಕಗಳಲ್ಲಿವೆ. ಇದರಿಂದಾಗಿ ಅದು ತಲೆ ತಿರುಗಿಸದೆಯೇ ಸುತ್ತಲಿನ 360 ಡಿಗ್ರಿಗಳಲ್ಲಿ ಸುಮಾರು 350 ಡಿಗ್ರಿಗಳಷ್ಟನ್ನು ನೋಡಬಲ್ಲದು. ಕಾಣದೆ ಉಳಿಯುವುದು ಎರಡು ಕಿರಿದಾದ ಜಾಗ ಮಾತ್ರ. ಒಂದು ಬಾಲದ ನೇರ ಹಿಂದೆ, ಇನ್ನೊಂದು ಹಣೆಯ ಎದುರಿಗೆ ಮತ್ತು ಮೂಗಿನ ಕೆಳಗೆ. ಹುಲ್ಲುಗಾವಲಿನಲ್ಲಿ ಮೇಯುತ್ತ, ಹಿಂದಿನಿಂದ ಬರುವ ತೋಳವನ್ನೂ ಗಮನಿಸಬೇಕಾದ ಪ್ರಾಣಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಆದರೆ ಪೇಟೆಯ ಬೀದಿಯಲ್ಲಿ ಗಾಡಿ ಎಳೆಯುವಾಗ ಇದೇ ಒಂದು ತೊಡಕು. ತನ್ನ ಹಿಂದೆ ಉರುಳುವ ಚಕ್ರವೂ, ಪಕ್ಕದಲ್ಲಿ ಪಟಪಟ ಬಡಿದುಕೊಳ್ಳುವ ಪ್ಲಾಸ್ಟಿಕ್ ಹಾಳೆಯೂ ಅದಕ್ಕೆ ಕಾಣುತ್ತಲೇ ಇರುತ್ತವೆ. ಟಾಂಗಾ ಕುದುರೆಗೆ ಕಣ್ಣಪಟ್ಟಿ ಕಟ್ಟುವುದು ಇದಕ್ಕಾಗಿಯೇ.

ಕುದುರೆ ಯಾವುದೋ ಸಣ್ಣ ವಸ್ತುವನ್ನು ಕಂಡು ಥಟ್ಟನೆ ಬೆದರಿದರೆ ನಾವು ‘ಹಟಮಾರಿ’ ಎನ್ನುತ್ತೇವೆ. ಅದರ ಮಟ್ಟಿಗೆ ಅದು ಹಟವಲ್ಲ. ಓಡಿ ಬದುಕಿದ ಪೂರ್ವಜರಿಂದ ಬಂದ ಬಳುವಳಿ.

ಈ ಮಾತನ್ನು ಸುಮಾರು 2,350 ವರ್ಷಗಳ ಹಿಂದೆಯೇ ಒಬ್ಬರು ಅರ್ಥ ಮಾಡಿಕೊಂಡಿದ್ದರು. ಅವರು ಗ್ರೀಸ್ ದೇಶದ ಅಥೆನ್ಸಿನ ಕ್ಸೆನೊಫೋನ್. ಸಾಕ್ರೆಟೀಸನ ಶಿಷ್ಯ, ಇತಿಹಾಸಕಾರ, ಸ್ವತಃ ಸವಾರ. ಕುದುರೆ ಸವಾರಿಯ ಕಲೆಯನ್ನು ಕುರಿತು ಅವರು ಬರೆದ ಚಿಕ್ಕ ಪುಸ್ತಕ ಇಂದಿಗೂ ಉಳಿದಿದೆ. ತಮಗಿಂತ ಮೊದಲು ಸೈಮನ್ ಎಂಬಾತ ಇದೇ ವಿಷಯ ಬರೆದಿದ್ದನೆಂದು ಅವರು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ. ಆಗಿನ ಗ್ರೀಸಿನಲ್ಲಿ ಕಾಲಿಟ್ಟುಕೊಳ್ಳಲು ರಿಕಾಪು ಇರಲಿಲ್ಲ. ಗೊರಸಿಗೆ ಮೊಳೆ ಹೊಡೆದು ಕೂಡಿಸುವ ಲಾಳವೂ ಇರಲಿಲ್ಲ. ಆದ್ದರಿಂದ ಸವಾರನ ಪ್ರಾಣ ನಿಂತಿದ್ದುದು ಕುದುರೆಯ ಪಾದದ ಮೇಲೆ. ಕುದುರೆ ಕೊಳ್ಳುವವನು ಮೊದಲು ತಲೆಯನ್ನಲ್ಲ, ಪಾದವನ್ನು ಪರೀಕ್ಷಿಸಬೇಕು ಎಂದು ಅವರು ಹೇಳುತ್ತಾರೆ. ಅಡಿಪಾಯ ಸರಿಯಿಲ್ಲದ ಮನೆಯ ಅಂದ ಯಾರಿಗೆ ಬೇಕು ಎಂಬುದು ಅವರ ವಾದದ ಸಾರ. ಗೊರಸು ಗಟ್ಟಿಯಾಗಲು ಲಾಯದ ಹೊರಗೆ ದುಂಡನೆಯ ಕಲ್ಲುಗಳನ್ನು ಹರಡಿ ಅದರ ಮೇಲೆ ಕುದುರೆಯನ್ನು ನಿಲ್ಲಿಸಲು ಸೂಚಿಸುತ್ತಾರೆ. ಗೊರಸು ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ವಸ್ತುವಿನಿಂದ ಆದದ್ದು. ಸದಾ ಬೆಳೆಯುತ್ತದೆ, ತೇವದಲ್ಲಿ ಮೆತ್ತಗಾಗುತ್ತದೆ. ಕೆರಾಟಿನ್ ಎಂಬ ಹೆಸರು ತಿಳಿಯದೆಯೂ ಕ್ಸೆನೊಫೋನ್ ಅದರ ಗುಣವನ್ನು ಸರಿಯಾಗಿಯೇ ಹಿಡಿದಿದ್ದರು.

ನನಗೆ ಈ ಪುಸ್ತಕದಲ್ಲಿ ಹೆಚ್ಚು ಮೆಚ್ಚಿಗೆಯಾದ ಭಾಗ ಭಯದ ಬಗೆಗಿನದು. ಕುದುರೆ ಯಾವುದಾದರೂ ವಸ್ತುವಿಗೆ ಹೆದರಿ ನಿಂತಾಗ ಹೊಡೆದು ಮುಂದಕ್ಕೆ ತಳ್ಳಬೇಡಿ ಎನ್ನುತ್ತಾರೆ ಅವರು. ಹೊಡೆದರೆ ಆ ನೋವು ಕೂಡ ಆ ವಸ್ತುವಿನಿಂದಲೇ ಬಂತೆಂದು ಕುದುರೆ ತಿಳಿಯುತ್ತದೆ, ಭಯ ಇಮ್ಮಡಿಯಾಗುತ್ತದೆ. ಬದಲಿಗೆ, ಮೆಲ್ಲನೆ ಹತ್ತಿರ ಕರೆದೊಯ್ದು, ಅದು ಅಪಾಯದ್ದಲ್ಲವೆಂದು ಕುದುರೆಗೆ ತಾನಾಗಿ ಗೊತ್ತಾಗಲು ಬಿಡಬೇಕು. ಸಿಟ್ಟಿನಲ್ಲಿದ್ದಾಗ ಕುದುರೆಯ ಬಳಿಗೆ ಹೋಗಲೇಬಾರದು ಎಂಬುದೂ ಅವರ ಸ್ಪಷ್ಟ ಸಲಹೆ. ಮನಶ್ಶಾಸ್ತ್ರದ ಪಾಠದಲ್ಲಿ ನೀವು ಪಾವ್ಲೋವನ ನಾಯಿಯ ಪ್ರಯೋಗ ಓದಿರುತ್ತೀರಿ. ಎರಡು ಅನುಭವಗಳು ಜೊತೆಜೊತೆಗೆ ಬಂದರೆ ಪ್ರಾಣಿಯ ಮನಸ್ಸಿನಲ್ಲಿ ಗಂಟು ಬೀಳುತ್ತವೆ ಎಂಬ ತತ್ತ್ವವೇ ಇಲ್ಲಿಯೂ ಇರುವುದು.

ಒಮ್ಮೆ ನಮ್ಮ ಹೊರಾಂಗಣ ಚಿತ್ರೀಕರಣದಲ್ಲಿ ಬಿಸಿಲನ್ನು ಪ್ರತಿಫಲಿಸಲು ಇಟ್ಟಿದ್ದ ಬೆಳ್ಳಿ ಬಣ್ಣದ ಹಲಗೆಯ ಮುಂದೆ ಕುದುರೆಯೊಂದು ಹೆಜ್ಜೆ ಇಡಲೊಲ್ಲದೆ ನಿಂತುಬಿಟ್ಟಿತು. ಅದನ್ನು ಸಾಕಿದ ಹಿರಿಯರು ಚಾವಟಿ ಮುಟ್ಟಲಿಲ್ಲ. ಹಲಗೆಯನ್ನು ನೆಲಕ್ಕೆ ಮಲಗಿಸಲು ಹೇಳಿ, ಕುದುರೆ ಅದನ್ನು ಮೂಸಿ ನೋಡುವವರೆಗೆ ಲಗಾಮು ಸಡಿಲ ಬಿಟ್ಟು ಸುಮ್ಮನೆ ನಿಂತರು. ಹತ್ತು ನಿಮಿಷದಲ್ಲಿ ನಮ್ಮ ಕೆಲಸ ಮುಂದುವರಿಯಿತು. ಅವರು ಕ್ಸೆನೊಫೋನನ ಹೆಸರು ಕೇಳಿದವರಲ್ಲ.

ಕ್ಸೆನೊಫೋನನಿಗಿಂತಲೂ ಸುಮಾರು ಸಾವಿರ ವರ್ಷ ಹಳೆಯದಾದ ಕುದುರೆ ಪುಸ್ತಕವೊಂದಿದೆ. ಅದನ್ನು ಬರೆದಿರುವುದು ಮಣ್ಣಿನ ಹಲಗೆಗಳ ಮೇಲೆ. ಈಗಿನ ತುರ್ಕಿ ದೇಶದಲ್ಲಿ ಹಿಟ್ಟೈಟರ ರಾಜಧಾನಿಯ ಅವಶೇಷಗಳ ನಡುವೆ ಇದು ಸಿಕ್ಕಿತು. ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಪಳಗಿಸುವವನ ಹೆಸರಿನಲ್ಲಿರುವ ಈ ಗ್ರಂಥ ರಥದ ಕುದುರೆಗಳಿಗೆ ದಿನದಿನವೂ ಕೊಡಬೇಕಾದ ಮೇವು, ನೀರು, ಓಟಗಳನ್ನು ವಿಧಿಸುತ್ತದೆ. ಕುದುರೆ ಎಷ್ಟು ಸುತ್ತು ಓಡಬೇಕು ಎನ್ನುವಾಗ ಅಲ್ಲಿ ಬರುವ ಮಾತುಗಳು ಐಕವರ್ತನ, ತೇರವರ್ತನ, ಪಂಜವರ್ತನ, ಸತ್ತವರ್ತನ, ನವವರ್ತನ! ಏಕ, ತ್ರಿ, ಪಂಚ, ಸಪ್ತ, ನವ ಎಂಬ ಸಂಸ್ಕೃತದ ಎಣಿಕೆಗೆ ಎಷ್ಟು ಹತ್ತಿರ ನೋಡಿ. ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದೊಂದು ನಿಧಿ.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ತಳಿ, ಲಕ್ಷಣ, ಪಳಗಿಸುವ ಕ್ರಮಗಳು ಬರುತ್ತವೆ, ಕುದುರೆಯೇರಿ ಚೆಂಡಾಡುವ ವಿನೋದದ ವರ್ಣನೆಯೂ ಇದೆ. ಕನ್ನಡದಲ್ಲಿ ಅಭಿನವಚಂದ್ರ ಎಂಬ ಕವಿ ಅಶ್ವವೈದ್ಯವನ್ನು ಕುರಿತು ಬರೆದಿದ್ದಾನೆ. ಇವೆಲ್ಲ ಅರಮನೆಯ ಲಾಯಕ್ಕೆ ಬೇಕಾದ ಗ್ರಂಥಗಳು. ಬೀದಿಯಲ್ಲಿ ಬಾಡಿಗೆಗೆ ದುಡಿಯುವ ಕುದುರೆಯ ಪಾಡು ಪುಸ್ತಕದೊಳಗೆ ಬರಲು ಬಹಳ ಕಾಲ ಹಿಡಿಯಿತು.

ಅದು ಬಂದದ್ದು ಇಂಗ್ಲೆಂಡಿನಲ್ಲಿ, 1877ರ ನವೆಂಬರಿನಲ್ಲಿ. ಪುಸ್ತಕದ ಹೆಸರು ‘ಬ್ಲ್ಯಾಕ್ ಬ್ಯೂಟಿ’. ನಿಮ್ಮಲ್ಲಿ ಹಲವರು ಇದನ್ನು ಮಕ್ಕಳ ಸಂಕ್ಷಿಪ್ತ ಆವೃತ್ತಿಯಲ್ಲಿ ಓದಿರಬಹುದು. ಬರೆದವರು ಆನಾ ಸೆವೆಲ್. 1820ರಲ್ಲಿ ನಾರ್ಫಕ್ ಪ್ರಾಂತದಲ್ಲಿ ಹುಟ್ಟಿದ ಆಕೆ 14ನೆಯ ವಯಸ್ಸಿನಲ್ಲಿ ಮಳೆಯಲ್ಲಿ ಶಾಲೆಯಿಂದ ಮರಳುವಾಗ ಜಾರಿ ಬಿದ್ದು ಕಾಲಿನ ಹರಡಿಗೆ ಪೆಟ್ಟು ಮಾಡಿಕೊಂಡರು. ಅದು ಕೊನೆಯವರೆಗೂ ಸರಿಹೋಗಲಿಲ್ಲ. ದೂರ ನಡೆಯಲಾಗದ ಆಕೆಗೆ ಕುದುರೆ ಗಾಡಿಯೇ ಕಾಲಾಯಿತು. ಹೀಗೆ ದಿನವೂ ಕುದುರೆಯ ಹಿಂದೆ ಕುಳಿತು ಅದರ ಕಿವಿ, ಕೊರಳು, ಉಸಿರುಗಳನ್ನು ಗಮನಿಸುತ್ತ ಬಂದವರು ಆಕೆ. ಬದುಕಿನ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಾಗ ಈ ಒಂದೇ ಪುಸ್ತಕವನ್ನು ಬರೆದರು. ಶಕ್ತಿಯಿದ್ದ ದಿನ ಚೀಟಿಗಳ ಮೇಲೆ ಗೀಚುವುದು, ಇಲ್ಲದ ದಿನ ಬಾಯಿಂದ ಹೇಳುವುದು. ಪ್ರತಿ ಮಾಡುವ ಕೆಲಸ ತಾಯಿಯದು.

ಕಥೆಯನ್ನು ಹೇಳುವುದು ಕುದುರೆಯೇ. ಒಳ್ಳೆಯ ಯಜಮಾನನ ಹೊಲದಲ್ಲಿ ಹುಟ್ಟಿ, ಶ್ರೀಮಂತರ ಮನೆ ಸೇರಿ, ಒಬ್ಬ ಕುಡುಕ ಸವಾರನ ದೆಸೆಯಿಂದ ಬಿದ್ದು ಮೊಣಕಾಲಿಗೆ ಗಾಯದ ಗುರುತಾಗಿ, ಆ ಗುರುತಿನಿಂದಲೇ ಬೆಲೆ ಇಳಿದು, ಕೈಯಿಂದ ಕೈಗೆ ಮಾರಾಟವಾಗುತ್ತ ಲಂಡನ್ನಿನ ಬಾಡಿಗೆ ಗಾಡಿಗೆ ಬರುತ್ತದೆ. ಅದರ ಗೆಳತಿ ಜಿಂಜರ್ ಎಂಬ ಕೆಂಬಣ್ಣದ ಕುದುರೆಯ ಕೊನೆಯನ್ನು ನಾನಿಲ್ಲಿ ಹೇಳುವುದಿಲ್ಲ, ನೀವೇ ಓದಬೇಕು.

ಲೇಖಕಿಯ ಮುಖ್ಯ ಗುರಿ ಆ ಕಾಲದ ಒಂದು ಪ್ಯಾಷನ್. ಶ್ರೀಮಂತರ ಸಾರೋಟಿನ ಕುದುರೆಗಳು ತಲೆಯನ್ನು ಸದಾ ಎತ್ತಿ ಹಿಡಿದಿರಬೇಕೆಂದು ಕಡಿವಾಣದಿಂದ ಬೆನ್ನಿನ ಪಟ್ಟಿಗೆ ಇನ್ನೊಂದು ಬಾರನ್ನು ಬಿಗಿದು ಕಟ್ಟುತ್ತಿದ್ದರು. ಬೇರಿಂಗ್ ರೇನ್ ಎಂದು ಅದರ ಹೆಸರು; ನಾವು ಬಿಗಿಲಗಾಮು ಎನ್ನೋಣ. ನೋಡುವವರಿಗೆ ಠೀವಿ. ಕುದುರೆಗೆ? ನಮ್ಮ ಹಳ್ಳಿಗಳಲ್ಲಿ ಭಾರದ ಗಾಡಿ ಏರು ಹತ್ತುವಾಗ ಎತ್ತುಗಳನ್ನು ಗಮನಿಸಿ. ಅವು ಕೊರಳನ್ನು ತಗ್ಗಿಸಿ ಮುಂದಕ್ಕೆ ಚಾಚುತ್ತವೆ. ಆಗ ದೇಹದ ಗುರುತ್ವಕೇಂದ್ರ ಮುಂದಕ್ಕೆ ಸರಿದು, ಮೈಯ ತೂಕವೇ ಎಳೆತಕ್ಕೆ ಒದಗುತ್ತದೆ. ಕುದುರೆಯದೂ ಅದೇ ಉಪಾಯ. ಬಿಗಿಲಗಾಮು ಕಟ್ಟಿದರೆ ಕೊರಳು ತಗ್ಗುವಂತಿಲ್ಲ. ಎಳೆತದ ಹೊರೆಯೆಲ್ಲ ಬೆನ್ನು ಮತ್ತು ಹಿಂಗಾಲುಗಳ ಮೇಲೆ ಬೀಳುತ್ತದೆ. ಇನ್ನೊಂದು ಸಂಗತಿ: ನಾವು ದಣಿದಾಗ ಬಾಯಿ ತೆರೆದು ಉಸಿರಾಡುತ್ತೇವೆ. ಕುದುರೆಗೆ ಆ ಸೌಕರ್ಯವಿಲ್ಲ. ಅದು ಉಸಿರಾಡುವುದು ಮೂಗಿನಿಂದ ಮಾತ್ರ. ತಲೆಯನ್ನು ಎತ್ತಿ ಗದ್ದವನ್ನು ಒಳಕ್ಕೆ ಎಳೆದು ಕಟ್ಟಿದಾಗ ಗಂಟಲಿನ ಬಳಿ ಉಸಿರಿನ ದಾರಿ ಕಿರಿದಾಗುತ್ತದೆ. ಹೆಚ್ಚು ಗಾಳಿ ಬೇಕಾದ ಹೊತ್ತಿನಲ್ಲೇ ಗಾಳಿಗೆ ತಡೆ!

ಈ ಪದ್ಧತಿಯ ವಿರುದ್ಧ ಎಡ್ವರ್ಡ್ ಫೋರ್ಡ್‌ಹ್ಯಾಮ್ ಫ್ಲವರ್ ಎಂಬುವರು 1875ರಲ್ಲೇ ಒಂದು ಪುಸ್ತಿಕೆ ಹೊರತಂದಿದ್ದರು. ಅದು ವಾದ. ಸೆವೆಲ್ ಅದೇ ವಿಷಯವನ್ನು ಕಟ್ಟಿಸಿಕೊಂಡ ಕುದುರೆಯ ಬಾಯಿಂದ ಹೇಳಿಸಿದರು. ದಿನಕ್ಕೊಂದು ರಂಧ್ರದಂತೆ ಬಾರು ಬಿಗಿಯಾಗುತ್ತ ಹೋಗುವುದು, ಬಾಯಲ್ಲಿ ನೊರೆ, ನಾಲಗೆಯ ನೋವು, ಗಾಡಿಯೊಳಗೆ ಕುಳಿತ ಒಡತಿಗೆ ಇದಾವುದೂ ತಿಳಿಯದಿರುವುದು, ಎಲ್ಲವೂ ಅಲ್ಲಿದೆ. ಪುಸ್ತಕದಲ್ಲಿ ಉಪದೇಶ ಸ್ವಲ್ಪ ಹೆಚ್ಚೇ ಆಯಿತೆಂದು ನನ್ನ ಅಭಿಪ್ರಾಯ. ಒಳ್ಳೆಯವರು ತೀರ ಒಳ್ಳೆಯವರು, ಕೆಟ್ಟವರು ತೀರ ಕೆಟ್ಟವರು. ಆದರೆ ಎಳೆಯ ಹುಡುಗನೊಬ್ಬ ಓಡಿ ಬೆವೆತ ಕುದುರೆಗೆ ಕಂಬಳಿ ಹೊದಿಸದೆ ಹೊಟ್ಟೆತುಂಬ ತಣ್ಣೀರು ಕುಡಿಸಿ, ಅದು ಕಾಯಿಲೆ ಬಿದ್ದಾಗ ತಲ್ಲಣಿಸುವ ಪ್ರಸಂಗ ಹಾಗಲ್ಲ. ಅಲ್ಲಿ ಕ್ರೌರ್ಯವಿಲ್ಲ, ತಿಳಿವಳಿಕೆಯ ಕೊರತೆಯಿದೆ. ಆಕೆ ಈ ಪುಸ್ತಕ ಬರೆದದ್ದು ಮಕ್ಕಳಿಗೆಂದಲ್ಲ, ಕುದುರೆಗಳ ಜೊತೆ ದುಡಿಯುವವರಿಗಾಗಿ. ಸಾಧ್ಯವಾದರೆ ಪೂರ್ಣ ಪಾಠವನ್ನೇ ಓದಿ.

ಪುಸ್ತಕ ಪ್ರಕಟವಾದ ಐದು ತಿಂಗಳಿಗೆ, 1878ರ ಏಪ್ರಿಲ್‌ನಲ್ಲಿ ಸೆವೆಲ್ ತೀರಿಕೊಂಡರು. ಶವಯಾತ್ರೆಗೆ ಬಂದ ಗಾಡಿಗಳ ಕುದುರೆಗಳಿಗೆ ಬಿಗಿಲಗಾಮು ಇದ್ದುದನ್ನು ಕಂಡು ತಾಯಿ ಅವನ್ನು ಬಿಚ್ಚಿಸಿದರೆಂದು ಆಕೆಯ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1890ರಲ್ಲಿ ಅಮೆರಿಕದ ಜಾರ್ಜ್ ಏಂಜೆಲ್ ಈ ಪುಸ್ತಕವನ್ನು ಅಗ್ಗದ ಬೆಲೆಗೆ ಅಚ್ಚು ಹಾಕಿಸಿ, ಗಾಡಿ ಹೊಡೆಯುವವರ ಕೈಗೆ ಸೇರುವಂತೆ ಮಾಡಿದರು. ಬಿಗಿಲಗಾಮಿನ ಪ್ಯಾಷನ್ ಕ್ರಮೇಣ ಹಿಂದೆ ಸರಿಯಲು ಈ ಪುಸ್ತಕ ದೊಡ್ಡ ಕಾರಣವಾಯಿತು.

ಸೆವೆಲ್ ತೀರಿಕೊಂಡ ಎರಡೇ ತಿಂಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಗಾಲೋಟದಲ್ಲಿ ನಾಲ್ಕು ಕಾಲುಗಳೂ ಒಮ್ಮೆ ನೆಲ ಬಿಡುತ್ತವೆ ಎಂಬುದು ಖಚಿತವಾಯಿತು. ಆದರೆ ವರ್ಣಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದೆ ಮುಂದೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಒಟ್ಟುಗೂಡಿದಾಗ. ನೂರಾರು ವರ್ಷ ಎಲ್ಲರೂ ನೋಡುತ್ತಲೇ ಇದ್ದರು, ಯಾರಿಗೂ ಕಂಡಿರಲಿಲ್ಲ. 1887ರಲ್ಲಿ ಅವನು ಹೊರತಂದ, 781 ಫಲಕಗಳ ಚಿತ್ರಸಂಪುಟ ನಮ್ಮ ವೃತ್ತಿಗೆ ಅಜ್ಜನಿದ್ದಂತೆ. ನಿಮ್ಮ ಮನೆಯ ದೂರದರ್ಶನದ ಪರದೆಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಹಾದುಹೋಗುವುದರ ಹಿಂದೆ ಆ ಕುದುರೆಯ ಹೆಜ್ಜೆಗಳಿವೆ.

ಕೊನೆಯದಾಗಿ, ಮನುಷ್ಯರು ಕುದುರೆಯನ್ನು ನೋಡುವ ಬದಲು ಕುದುರೆಯೇ ಮನುಷ್ಯರನ್ನು ನೋಡಿದ ಒಂದು ಪ್ರಸಂಗ. 1904ರಲ್ಲಿ ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಭಾರಿ ಸುದ್ದಿಯಾಯಿತು. ಅದರ ಯಜಮಾನ ಫೋನ್ ಓಸ್ಟೆನ್ ನಿವೃತ್ತ ಗಣಿತ ಉಪಾಧ್ಯಾಯರು. ಎರಡಕ್ಕೆ ಮೂರು ಕೂಡಿಸು ಎಂದರೆ ಕುದುರೆ ಐದು ಸಲ ಗೊರಸು ಬಡಿಯುತ್ತಿತ್ತು. ತಜ್ಞರ ಸಮಿತಿಯೊಂದು ಪರೀಕ್ಷಿಸಿ ಇದರಲ್ಲಿ ಮೋಸವಿಲ್ಲ ಎಂದಿತು. ಆಮೇಲೆ ಓಸ್ಕರ್ ಫುಂಗ್ಸ್ಟ್ ಎಂಬ ಯುವಕ ಒಂದು ಸರಳ ಉಪಾಯ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಂತೆ ಏರ್ಪಾಡು ಮಾಡಿದ. ಹ್ಯಾನ್ಸ್ ತಪ್ಪತೊಡಗಿತು. ಕೇಳುವವನು ಕಾಣದಂತೆ ಕಣ್ಣಿಗೆ ಮರೆ ಕಟ್ಟಿದಾಗಲೂ ಅಷ್ಟೆ. ಈ ಪರೀಕ್ಷೆಗಳ ನಡುವೆ ಕುದುರೆ ರೇಗಿ ಫುಂಗ್ಸ್ಟನನ್ನು ಕಚ್ಚಿದ್ದೂ ಉಂಟು.

ಗುಟ್ಟು ಇಷ್ಟೆ. ಪ್ರಶ್ನೆ ಮುಗಿಸಿದವರು ಗೊರಸನ್ನು ನೋಡಲು ತಲೆಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಿದ್ದರು, ಕುದುರೆ ಬಡಿಯತೊಡಗುತ್ತಿತ್ತು. ಸರಿಯಾದ ಸಂಖ್ಯೆ ಬಂದೊಡನೆ ತಮಗರಿವಿಲ್ಲದೆ ತಲೆ ತುಸು ಮೇಲೇಳುತ್ತಿತ್ತು, ಕುದುರೆ ನಿಲ್ಲಿಸುತ್ತಿತ್ತು. ಲೆಕ್ಕ ಬಾರದ ಪ್ರಾಣಿ ಪಂಡಿತರ ಮೈಯನ್ನು ಓದುತ್ತಿತ್ತು! ಫುಂಗ್ಸ್ಟ್ 1907ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದ. 1911ರಲ್ಲಿ ಅದು ಇಂಗ್ಲಿಷಿಗೂ ಬಂತು. ಇಂದು ಹೊಸ ಔಷಧವನ್ನು ಪರೀಕ್ಷಿಸುವಾಗ ಯಾರಿಗೆ ನಿಜವಾದ ಮದ್ದು, ಯಾರಿಗೆ ಬರಿಯ ಸಕ್ಕರೆ ಗುಳಿಗೆ ಎಂಬುದನ್ನು ಕೊಡುವ ವೈದ್ಯರಿಗೂ ತಿಳಿಸದಿರುವುದುಂಟು. ಅದಕ್ಕೂ ಹ್ಯಾನ್ಸ್‌ನ ಕಥೆಗೂ ಹತ್ತಿರದ ನಂಟು.

ಫುಂಗ್ಸ್ಟ್ ಮುಂದೆ ಪ್ರಯೋಗಾಲಯದಲ್ಲಿ ತಾನೇ ಕುದುರೆಯ ಪಾತ್ರ ವಹಿಸಿದ. ಎದುರಿನವರು ಒಂದು ಸಂಖ್ಯೆ ನೆನೆಯಬೇಕು, ಅವನು ಕೈಯಿಂದ ಮೇಜು ತಟ್ಟುತ್ತ ಹೋಗಬೇಕು. ಹೆಚ್ಚಿನವರು ತಮಗೆ ಗೊತ್ತಿಲ್ಲದೆಯೇ ಎಲ್ಲಿ ನಿಲ್ಲಿಸಬೇಕೆಂದು ತಿಳಿಸಿಕೊಟ್ಟರು. ಈ ಪ್ರಯೋಗಕ್ಕೆ ಯಾವ ಉಪಕರಣವೂ ಬೇಡ. ನಿಮ್ಮ ತರಗತಿಯಲ್ಲಿ ಒಬ್ಬ ಗೆಳೆಯನನ್ನು ಎದುರಿಗೆ ಕೂರಿಸಿಕೊಳ್ಳಿ. ಹತ್ತರೊಳಗಿನ ಒಂದು ಸಂಖ್ಯೆಯನ್ನು ಗಟ್ಟಿಯಾಗಿ ನೆನೆಯಲು ಹೇಳಿ, ಮೇಜು ತಟ್ಟುತ್ತ ಹೋಗಿ. ನೋಟ ಅವನ ಹಣೆ ಮತ್ತು ಹುಬ್ಬುಗಳ ಮೇಲಿರಲಿ. ಮೊದಲ ಕೆಲವು ಸಲ ಏನೂ ಕಾಣುವುದಿಲ್ಲ.