ಮೂರು ಸೆಕೆಂಡಿಗೆ ಮುಂಚಿನ ಏಳು ಸೆಕೆಂಡು

ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಎಲ್ಲರಿಗೂ ನೆನಪಿದೆ. ಮೂರನೆಯದು ಕೈತಪ್ಪಿದ್ದು 25 ಮೀಟರ್ ಪಿಸ್ತೂಲಿನಲ್ಲಿ. ಶೂಟ್‌ಆಫ್‌ನಲ್ಲಿ ಹಂಗೆರಿಯ ವೆರೋನಿಕಾ ಮೇಜರ್ ಮುಂದೆ ಹೋದರು, ಮನು ನಾಲ್ಕನೆಯವರಾಗಿ ಉಳಿದರು. ಟಿವಿಯಲ್ಲಿ ಆ ಸ್ಪರ್ಧೆ ನೋಡಿದವರ ಕಣ್ಣಿಗೆ ಬಿದ್ದದ್ದು ಇಷ್ಟೇ: ದೀಪ ಹಸಿರಾಯಿತು, ಕೈ ಮೇಲೆದ್ದಿತು, ಗುಂಡು ಹಾರಿತು. ಮೂರು ಸೆಕೆಂಡಿನ ಆಟ. ಆ ಮೂರು ಸೆಕೆಂಡು ಹೇಗೆ ತಯಾರಾಗುತ್ತದೆ ಎಂಬುದನ್ನು ಬೆಂಗಳೂರಿನ ರಿಚರ್ಡ್ಸ್ ಟೌನಿನ ಒಂದು ಮನೆಯ ಪಡಸಾಲೆಯಲ್ಲಿ ಕಂಡ ಮೇಲೆ ಬೇರೆ ಯಾವ ಕ್ರೀಡೆಯ ಬಗ್ಗೆಯೂ ಬರೆಯುವ ಮನಸ್ಸಾಗುತ್ತಿಲ್ಲ.

ರಿಚರ್ಡ್ಸ್ ಪಾರ್ಕಿನಿಂದ ಕೂಗಳತೆಯ ದೂರದಲ್ಲಿರುವ ಹಳೇ ಮನೆ ಅದು. ಕಿಟಕಿಗಳಿಗೆ ಮರದ ಮಂಕಿ ಟಾಪ್, ಒಳಗೆ ಕಾವಿ ಬಣ್ಣದ ರೆಡ್ ಆಕ್ಸೈಡ್ ನೆಲ. ಎಂ.ಕಾಂ. ಓದುತ್ತಿರುವ ಮಗಳು ಪಿಸ್ತೂಲು ಶೂಟರ್. ನೆಲದ ಮೇಲೆ ಬಿಳಿ ಟೇಪಿನ ಒಂದು ಗೆರೆ. ಅಲ್ಲಿಂದ ಐದು ಮೀಟರ್ ಆಚೆ, ಗೋಡೆಯ ಮೇಲೆ ಹತ್ತು ಸೆಂಟಿಮೀಟರ್ ಅಗಲದ ಕಪ್ಪು ವೃತ್ತ. ರೇಂಜಿನಲ್ಲಿ 25 ಮೀಟರ್ ದೂರದ ಗುರಿಹಲಗೆಯ ಕಪ್ಪು ಭಾಗ ಅರ್ಧ ಮೀಟರ್ ಅಗಲ, ಅದರೊಳಗಿನ ಹತ್ತು ಅಂಕದ ವೃತ್ತ ಹತ್ತು ಸೆಂಟಿಮೀಟರ್. ದೂರವನ್ನು ಐದನೇ ಒಂದಕ್ಕೆ ಇಳಿಸಿದ್ದರಿಂದ ಗುರಿಯೂ ಅಷ್ಟೇ ಕುಗ್ಗಿದೆ. ಕಣ್ಣಿಗೆ ಎರಡೂ ಒಂದೇ.

ಅಭ್ಯಾಸ ಶುರುವಾಗುವ ರೀತಿಯೇ ನನಗೆ ಬಹಳ ಹಿಡಿಸಿತು. ಆಕೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಮ್ಯಾಗಜೀನ್ ಹೊರತೆಗೆದಳು, ಬೋಲ್ಟ್ ಹಿಂದಕ್ಕೆಳೆದಳು, ಚೇಂಬರಿನೊಳಗೆ ಇಣುಕಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ "ಅಮ್ಮಾ, ನೋಡ್ತೀಯಾ?" ಎಂದಳು. ತಾಯಿ ಹುರುಳಿಕಾಯಿ ಹೆಚ್ಚುವುದನ್ನು ಬಿಟ್ಟು ಬಂದು, ಬಗ್ಗಿ ನೋಡಿ, "ಖಾಲಿ" ಎಂದು ಹೇಳಿ ವಾಪಸು ಹೋದರು. ಕಾಡತೂಸಿನ ಡಬ್ಬಿ ಬೇರೆ ಕೋಣೆಯ ಬೀರುವಿನಲ್ಲಿ, ಬೀಗದ ಕೈ ಅಪ್ಪನ ಹತ್ತಿರ. ಇದು ಲೈಸೆನ್ಸ್ ಪಡೆದ .22 ಪಿಸ್ತೂಲು, ನಿಗದಿತ ಮಿತಿಯೊಳಗಿನ ಏರ್ ಪಿಸ್ತೂಲಿನ ಹಾಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವಂಥದ್ದಲ್ಲ. ಪ್ರತಿದಿನವೂ ಎರಡನೇ ಜೋಡಿ ಕಣ್ಣು "ಖಾಲಿ" ಎನ್ನದ ಹೊರತು ಅಭ್ಯಾಸವಿಲ್ಲ. ನಿವೃತ್ತ ಸೇನಾ ಸುಬೇದಾರರಾದ ಆಕೆಯ ಕೋಚ್ ಹಾಕಿಕೊಟ್ಟ ಮೊದಲ ನಿಯಮವೇ ಅದು.

ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವ ಈ ಅಭ್ಯಾಸಕ್ಕೆ ಶೂಟರ್‌ಗಳು ಡ್ರೈ ಫೈರಿಂಗ್ ಎನ್ನುತ್ತಾರೆ. .22 ಪಿಸ್ತೂಲನ್ನು ಸುಮ್ಮನೆ ಹಾಗೆ ಒತ್ತುವಂತಿಲ್ಲ. ಒಳಗಿನ ಪಿನ್ ಚೇಂಬರಿನ ಅಂಚಿಗೇ ಬಡಿದು ಎರಡೂ ಹಾಳಾಗುತ್ತವೆ. ಅದಕ್ಕೇ ಒಂದು ಪ್ಲಾಸ್ಟಿಕ್ ತುಂಡನ್ನು ಒಳಗೆ ಕೂರಿಸಿದಳು. ಮೊದಲ ಸುತ್ತಿನಲ್ಲಿ ಗುರಿಯೇ ಇಲ್ಲ. ಬರೀ ಬಿಳಿ ಗೋಡೆ. ಎರಡನೇ ಸುತ್ತಿನಲ್ಲಿ ಪಿಸ್ತೂಲಿನ ನೆತ್ತಿಯ ಮೇಲೆ ಒಂದು ರೂಪಾಯಿ ನಾಣ್ಯ. ಟ್ರಿಗರ್ ಒತ್ತಿದಾಗ "ಟಕ್" ಎಂದಿತು, ನಾಣ್ಯ ಅಲುಗಲಿಲ್ಲ. ಮತ್ತೆ, ಮತ್ತೆ. ಒಮ್ಮೆ ಮಾತ್ರ ನಾಣ್ಯ ಜಾರಿ ಕೆಂಪು ನೆಲದ ಮೇಲೆ ಉರುಳಿಕೊಂಡು ಹೋಯಿತು. "ಅದು ಬೆರಳು ಅವಸರ ಮಾಡಿದ್ದು ಸರ್," ಎಂದು ತಾನೇ ಹೇಳಿ ಹೆಕ್ಕಿಕೊಂಡಳು.

ಬಿಳಿ ಗೋಡೆ ಯಾಕೆ? ಸ್ಪರ್ಧೆಯ ನಿಯಮದ ಪ್ರಕಾರ ಈ ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಹೆಚ್ಚೆಂದರೆ 220 ಮಿಲಿಮೀಟರ್ ಅಂತರ. ಮುಂದಿನ ಸೈಟು ಹಿಂದಿನದರ ಕಂಡಿಯೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 25 ಮೀಟರ್ ಆಚೆ ಗುಂಡು ಹನ್ನೊಂದು ಸೆಂಟಿಮೀಟರ್‌ಗೂ ಹೆಚ್ಚು ಆಚೀಚೆ ಹೋಗುತ್ತದೆ. ಅದೇ, ಎರಡು ಸೈಟುಗಳೂ ಹೊಂದಿಕೊಂಡೇ ಇದ್ದು ಇಡೀ ಕೈ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು ಸರಿಯುವುದೂ ಒಂದೇ ಸೆಂಟಿಮೀಟರ್. ಹಾಗಾಗಿ ಶೂಟರ್ ನೋಡಬೇಕಾದ್ದು ದೂರದ ಗುರಿಯನ್ನಲ್ಲ, ಕೈಯಳತೆಯ ಫ್ರಂಟ್ ಸೈಟನ್ನು. ಅದು ಚೂಪಾಗಿ ಕಾಣಬೇಕು, ಗುರಿ ಮಸುಕಾಗಿರಬೇಕು. ಗುರಿ ಎದುರಿಗಿದ್ದರೆ ಕಣ್ಣು ಅದರ ಮೇಲೇ ಹಾರುತ್ತದೆ. ಬಿಳಿ ಗೋಡೆಯ ಎದುರು ಹಾರಲು ಜಾಗವಿಲ್ಲ. ಸಿನಿಮಾದಲ್ಲಿ ನಾಯಕ ಶತ್ರುವಿನ ಕಣ್ಣಿಗೆ ಕಣ್ಣಿಟ್ಟು ಸೊಂಟದಿಂದಲೇ ಹೊಡೆಯುವುದನ್ನು ನೋಡಿ ಬೆಳೆದ ನಮಗೆ ಇದು ನಂಬಲು ಕಷ್ಟ. ಆದರೆ ಲೆಕ್ಕ ಎದುರಿಗೇ ಇದೆ.

ಮೂರನೇ ಸುತ್ತಿಗೆ ಆಕೆ ಫೋನನ್ನು ಕುರ್ಚಿಯ ಮೇಲೆ ನಿಲ್ಲಿಸಿದಳು. ಪರದೆ ಏಳು ಸೆಕೆಂಡು ಕೆಂಪು, ಮೂರು ಸೆಕೆಂಡು ಹಸಿರು. ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ ನಿಧಾನದ ಮೂವತ್ತು ಗುಂಡು ಮುಗಿದ ಮೇಲೆ ರ್‍ಯಾಪಿಡ್ ಹಂತದ ಮೂವತ್ತು ಬರುತ್ತದೆ, ಅದರ ತಾಳ ಇದೇ. ಕೆಂಪಿರುವಾಗ ಕೈ 45 ಡಿಗ್ರಿಗಿಂತ ಮೇಲೇಳುವಂತಿಲ್ಲ. ಹಸಿರಾದಾಗ ಎತ್ತಿ ಒಂದೇ ಗುಂಡು ಹೊಡೆದು ಮತ್ತೆ ಇಳಿಸಬೇಕು. ಮೂವತ್ತು ಗುಂಡಿಗೆ ಹಸಿರು ದೀಪ ಒಟ್ಟು ತೊಂಬತ್ತು ಸೆಕೆಂಡು. ಪುರುಷರ ರ್‍ಯಾಪಿಡ್ ಫೈರ್ ಇನ್ನೂ ಬಿಗಿ. ಅಕ್ಕಪಕ್ಕದ ಐದು ಗುರಿಗಳಿಗೆ ಒಂದೊಂದು ಗುಂಡು. ಮೊದಲು ಎಂಟು ಸೆಕೆಂಡಿನಲ್ಲಿ, ಆಮೇಲೆ ಆರರಲ್ಲಿ, ಕೊನೆಗೆ ನಾಲ್ಕರಲ್ಲಿ. ಅರ್ಹತಾ ಸುತ್ತಿನ ಅರವತ್ತು ಗುಂಡಿಗೆ ಸಿಗುವ ಸಮಯವನ್ನೆಲ್ಲ ಕೂಡಿಸಿದರೆ ಎಪ್ಪತ್ತೆರಡು ಸೆಕೆಂಡು. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಸಿರಲ್ಲ, ಆ ಏಳು ಸೆಕೆಂಡಿನ ಕೆಂಪು. ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ಮೊದಲು ತೋರುತ್ತದೆ. ಪಕ್ಕದಲ್ಲಿ ನಿಂತು ಒಂದೊಂದೇ ಕೆಂಪನ್ನು ನೋಡುತ್ತಾ ಹೋದಂತೆ ಎಲ್ಲ ಕೆಲಸವೂ ಅಲ್ಲೇ ಮುಗಿಯುತ್ತಿದೆ ಎಂದು ತಿಳಿಯಿತು. ಕೈ ಇಳಿದೊಡನೆ ಒಂದು ಉಸಿರು ಪೂರ್ತಿ ಹೊರಗೆ. ಆಮೇಲೆ ಒಂದು ಉಸಿರು ಒಳಗೆ, ಅದರಲ್ಲಿ ಅರ್ಧ ಮಾತ್ರ ಹೊರಗೆ. ಮಣಿಕಟ್ಟು ಗಟ್ಟಿ, ಭುಜ ಸಡಿಲ. ಹಿಡಿತ ಎಷ್ಟು ಬಿಗಿಯಿರಬೇಕೋ ಅಷ್ಟು ಈಗಲೇ ಬಿಗಿಯಾಗುತ್ತದೆ, ಹಸಿರು ಬಂದ ಮೇಲೆ ಬಿಗಿ ಮಾಡಿದರೆ ಮೂತಿ ವಾಲುತ್ತದೆ. ಕಣ್ಣು ಇಳಿದ ಪಿಸ್ತೂಲಿನ ಹಿಂದೆ ಹೋಗುವುದಿಲ್ಲ. ಸೈಟು ಬಂದು ನಿಲ್ಲಬೇಕಾದ ಎತ್ತರದಲ್ಲಿ, ಖಾಲಿ ಗಾಳಿಯಲ್ಲಿ ಕಾದು ಕೂತಿರುತ್ತದೆ. ಆರನೇ ಸೆಕೆಂಡಿಗೆ ಮುಖದ ಮೇಲಿನ ಗೆರೆಗಳೆಲ್ಲ ಇಳಿದುಹೋದವು. ಹಸಿರು ಬಂದಾಗ ಆಕೆ ಆರಂಭಿಸಲು ಏನೂ ಉಳಿದಿರಲಿಲ್ಲ.

ಕೈ ಮೇಲೆದ್ದ ರೀತಿ ತುಂಬಿದ ಕೊಡವನ್ನು ಬಾವಿಯಿಂದ ಸೇದಿದ ಹಾಗೆ: ಕೆಳಗಿನಿಂದ ಸರಸರ, ಕಟ್ಟೆಯ ಹತ್ತಿರ ಬರುತ್ತಲೇ ನಿಧಾನ, ತುಳುಕದೆ ನಿಲುಗಡೆ. ಈ ಸ್ಪರ್ಧೆಯ ಟ್ರಿಗರ್ ಕನಿಷ್ಠ ಒಂದು ಕಿಲೋ ಭಾರ ಹೊರಬೇಕು. ತೀರ್ಪುಗಾರರು ತೂಕ ನೇತುಹಾಕಿ ಪರೀಕ್ಷಿಸುತ್ತಾರೆ. ಆ ಒಂದು ಕಿಲೋದಲ್ಲಿ ಬಹುಪಾಲನ್ನು ಬೆರಳು ಕೈಯೇಳುವ ದಾರಿಯಲ್ಲೇ ಹೊತ್ತುಕೊಂಡಿರುತ್ತದೆ. ಸೈಟು ಬಂದು ನಿಂತಾಗ ಉಳಿದಿರುವುದು ಚೂರೇ ಚೂರು. ನೋಡುವವರಿಗೆ ಅದು ವೇಗ. ಬೆರಳು ಮಾತ್ರ ಎಲ್ಲಿಯೂ ಓಡಿಲ್ಲ. ಬೆರಳನ್ನು ಚುರುಕು ಮಾಡುವುದರಿಂದ ವೇಗ ಬರುವುದಿಲ್ಲ, ಹಸಿರು ದೀಪದಿಂದ ಒಂದೊಂದೇ ಕೆಲಸವನ್ನು ಕಿತ್ತು ಕೆಂಪಿಗೆ ಸಾಗಿಸುವುದರಿಂದ ಬರುತ್ತದೆ ಎಂಬುದು ಆ ಪಡಸಾಲೆಯಲ್ಲಿ ನನಗೆ ಖಚಿತವಾಯಿತು. ಕೈಯ ಅಲುಗಾಟವನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸಿ ತೋರಿಸುವ ಲೇಸರ್ ಉಪಕರಣಗಳು ಈಗ ಬಂದಿವೆ. ಉಪಯೋಗ ಇರಬಹುದು. ಆದರೂ ನಾಣ್ಯ ಉರುಳಿದ ಸದ್ದಿನಷ್ಟು ನೇರವಾಗಿ ಅವು ಮಾತಾಡುತ್ತವೆಂದು ನನಗನ್ನಿಸುವುದಿಲ್ಲ.

ದಂಡಿನ ಊರಿಗೆ ಬಂದೂಕು ಹೊಸದಲ್ಲ. 1809ರಲ್ಲಿ ಕಂಟೋನ್ಮೆಂಟ್ ನೆಲೆಯೂರಿತು, 1868ರಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ನಾಗರಿಕರ ಪಡೆಯೇ ಹುಟ್ಟಿತು. ಪಿಸ್ತೂಲಿನ ರ್‍ಯಾಪಿಡ್ ಫೈರ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದಲೂ ಇದೆ. ಮಹಿಳೆಯರ 25 ಮೀಟರ್ ಪಿಸ್ತೂಲು ಸೇರಿದ್ದು 1984ರಲ್ಲಿ. ನಮ್ಮ ನೆರೆಯ ಕೊಲ್ಲಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಅದರಲ್ಲೇ ಚಿನ್ನ ಗೆದ್ದರು. 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ರಾಹಿ ಚಿನ್ನ ಗೆದ್ದಾಗ, ಅಲ್ಲಿಯೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದವರು ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಮರಳಿ ಬಂದವರು, ತಂದೆಯೂ ಶೂಟರ್. ಅದೇ ವರ್ಷ ಸ್ಪೇನ್‌ನಲ್ಲಿ ಸ್ಪರ್ಧೆಗೆ ಹೋದಾಗ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಕಣ್ಣಿನ ಮೇಲೇ ನಿಂತ ಆಟದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಅವರು ಬೆಳ್ಳಿ ತಂದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಆಮೇಲೆ ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್.: 2023ರಲ್ಲಿ ಸರಬ್ಜೋತ್ ಸಿಂಗ್ ಜೊತೆ ಬಾಕು ವಿಶ್ವಕಪ್‌ನ ಮಿಶ್ರ ತಂಡದ ಚಿನ್ನ, ಅದೇ ವರ್ಷ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಬೆಳ್ಳಿ. ಕ್ರಿಕೆಟ್ ಆಟಗಾರರ ಅಡ್ಡಹೆಸರು ಗೊತ್ತಿರುವ ಈ ಊರಿನ ಮಕ್ಕಳಿಗೆ ಇವರಿಬ್ಬರ ಹೆಸರೂ ಬಾಯಿಪಾಠವಾಗಿರಬೇಕಿತ್ತು.

ಪಡಸಾಲೆಯಲ್ಲಿ ಕಲಿಯಲಾಗದ್ದೂ ಒಂದಿದೆ. ಗುಂಡು ಹಾರಿದಾಗ ಪಿಸ್ತೂಲು ಹಿಂದಕ್ಕೊದೆಯುತ್ತದೆ, ಸದ್ದು ಕಿವಿಗೆ ಬಡಿಯುತ್ತದೆ. ಅದನ್ನು ನಿರೀಕ್ಷಿಸಿ ಕೈ ಒಂದು ಕ್ಷಣ ಮೊದಲೇ ಬೆಚ್ಚುತ್ತದೆ. ಇದನ್ನು ಬಯಲು ಮಾಡಲು ಸುಬೇದಾರರು ರೇಂಜಿನಲ್ಲಿ ಐದು ಕಾಡತೂಸಿನ ನಡುವೆ ಎಲ್ಲೋ ಒಂದು ಮದ್ದಿಲ್ಲದ್ದನ್ನು ಸೇರಿಸಿ, ಯಾವುದೆಂದು ಹೇಳದೆ ಮ್ಯಾಗಜೀನ್ ಕೊಡುತ್ತಾರೆ. ಸರದಿ ಅದಕ್ಕೆ ಬಂದಾಗ ಸದ್ದಿಲ್ಲ, ಒದೆತವಿಲ್ಲ; ಕೈ ಬೆಚ್ಚಿದ್ದರೆ ಮೂತಿ ತಾನಾಗಿಯೇ ಕೆಳಗೆ ಮುಗ್ಗರಿಸುವುದು ಎಲ್ಲರಿಗೂ ಕಾಣುತ್ತದೆ. "ಮೊದಲ ತಿಂಗಳು ಪ್ರತಿ ಸಲವೂ ಮುಗ್ಗರಿಸ್ತಿತ್ತು ಸರ್. ಈಗ ಅಪರೂಪ," ಎಂದಳು ಹುಡುಗಿ. ಹಾಗೆ ಮುಗ್ಗರಿಸಿದ ದಿನ ಆಕೆ ಮನೆಗೆ ಬಂದು ಬಿಳಿ ಗೋಡೆಯಿಂದಲೇ ಮತ್ತೆ ಶುರುಮಾಡುತ್ತಾಳೆ.

ಸಮಯವನ್ನೂ ಕೋಚ್ ಒಮ್ಮೆಲೇ ಬಿಗಿ ಮಾಡಿಲ್ಲ. ಮೊದಲು ಹಸಿರು ಐದು ಸೆಕೆಂಡು, ಅದರಲ್ಲಿ ಎಲ್ಲವೂ ಹತ್ತರ ವೃತ್ತದೊಳಗೆ ಬೀಳತೊಡಗಿದ ಮೇಲೆ ನಾಲ್ಕು, ಆಮೇಲೆ ಮೂರು. ಗುಂಪು ಚದುರಿದರೆ ಒಂದು ಮೆಟ್ಟಿಲು ಹಿಂದಕ್ಕೆ. ನಾನು ಹೋದ ವಾರ ಫೋನಿನ ಹಸಿರನ್ನು ಎರಡೂವರೆಗೆ ಇಳಿಸಲು ಆಕೆಗೆ ಅನುಮತಿ ಸಿಕ್ಕಿತ್ತು. ಕೆಂಪನ್ನು ಮಾತ್ರ ಏಳರಿಂದ ಕದಲಿಸಬಾರದು ಎಂದು ಸುಬೇದಾರರು ಕಟ್ಟುನಿಟ್ಟಾಗಿ ಹೇಳಿದ್ದರು.