ಹೋರಿಯ ಓಟ, ಭೇರುಂಡನ ನಿಲುವು

ದೀಪಾವಳಿಯ ಬಲಿಪಾಡ್ಯಮಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯ ಊರುಗಳಲ್ಲಿ ಹೋರಿ ಹಬ್ಬದ ಸರದಿ ಶುರು. ಊರಬೀದಿಗೋ ಬಯಲಿಗೋ ಎರಡೂ ಬದಿ ಬೇಲಿ ಕಟ್ಟಿದರೆ ಅದೇ ಅಖಾಡ. ಬೇಲಿಯ ಮೇಲೆ, ಟ್ರ್ಯಾಕ್ಟರಿನ ಮೇಲೆ, ಮನೆ ಮಾಡಿನ ಮೇಲೆ ಜನವೋ ಜನ. ಹಲಗೆಯ ಬಡಿತದ ನಡುವೆ ಮೈಕು ಹೋರಿಯ ಹೆಸರು ಕೂಗುತ್ತದೆ. ಒಂದೊಂದು ಹೆಸರೂ ಸಿನಿಮಾದ ಪೋಸ್ಟರಿನಿಂದ ಇಳಿದು ಬಂದಂತಿರುತ್ತದೆ. ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲಾ, ನೆತ್ತಿಗೆ ಬಲೂನಿನ ಗೊಂಚಲು, ಕೊರಳಿಗೆ ಕೊಬ್ಬರಿ ಸರ. ಹಗ್ಗ ಕಳಚಿತೋ, ಹಗುರ ಬಲೂನುಗಳೆಲ್ಲ ಗಾಳಿಗೆ ಸೋತು ಹಿಂದಕ್ಕೆ ವಾಲುತ್ತವೆ. ಹೋರಿಗೆ ಆ ಗಾಳಿ ಲೆಕ್ಕಕ್ಕೇ ಇಲ್ಲ.

ಆ ಮೊದಲ ನೆಗೆತವನ್ನು ನೋಡಬೇಕು. ಹಿಂಗಾಲ ಗೊರಸು ನೆಲಕ್ಕೆ ನಾಟಿ ಮಣ್ಣನ್ನು ಹಿಂದಕ್ಕೆ ಒದೆಯುತ್ತದೆ. ಹೆಂಟೆ ಎದ್ದು ಹಿಂದೆ ನಿಂತವರ ಮುಖಕ್ಕೆ ಸಿಡಿಯುತ್ತದೆ. ಹೋರಿ ಒದ್ದದ್ದು ಹಿಂದಕ್ಕೆ, ನೆಲ ತಳ್ಳಿದ್ದು ಮುಂದಕ್ಕೆ. ನ್ಯೂಟನ್ 1687ರಲ್ಲಿ ಅಚ್ಚು ಹಾಕಿಸಿದ ಮೂರನೆಯ ನಿಯಮ ಇದೇ. ಅಖಾಡಕ್ಕೆ ನೀರು ಬಿದ್ದು ಕೆಸರಾದರೆ ಅದೇ ಹೋರಿ ತಡವರಿಸುತ್ತದೆ. ಕಾಲಿನ ಕಸುವು ಎಲ್ಲಿಗೂ ಹೋಗಿಲ್ಲ, ನೆಲ ತಿರುಗಿ ತಳ್ಳುತ್ತಿಲ್ಲ, ಅಷ್ಟೇ.

ಈಗ ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಸರ ಹರಿಯುವವರ ಕಡೆ ಬರೋಣ. ಹೋರಿಯ ತೂಕ 400 ಕಿಲೋ, ವೇಗ ಸೆಕೆಂಡಿಗೆ 8 ಮೀಟರ್ ಎಂದಿಟ್ಟುಕೊಳ್ಳಿ. 60 ಕಿಲೋದ ಹುಡುಗನೊಬ್ಬ ಎದುರಿಗೇ ನಿಂತು ಕೊರಳಿಗೆ ಜೋತುಬಿದ್ದ. ಹೋರಿಯಲ್ಲಿದ್ದ ಸಂವೇಗವನ್ನು ಇನ್ನು 460 ಕಿಲೋ ಹಂಚಿಕೊಳ್ಳಬೇಕು. ವೇಗ ಸುಮಾರು 7 ಮೀಟರಿಗೆ ಇಳಿಯುತ್ತದೆ. ಇಬ್ಬರ ಮೇಲೂ ಬಿದ್ದ ಬಲ ಸಮ. ಆದರೆ ಹೋರಿ ಕಳೆದುಕೊಂಡದ್ದು ಒಂದೇ ಮೀಟರ್, ನಿಂತಿದ್ದ ಹುಡುಗನಿಗೆ ಗಂಟುಬಿದ್ದದ್ದು ಏಳು. ಇದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಡೆದುಹೋದರೆ ಅವನ ಮೈಮೇಲೆ ಅವನದೇ ತೂಕದ ಏಳು ಪಟ್ಟು ಬಲ. ಪಕ್ಕೆಲುಬು ಮುರಿಯುವುದು ಹೀಗೆ. ನಾಲ್ವರು ಒಟ್ಟಿಗೆ ಬಿದ್ದರೂ ಹೋರಿ ಸೆಕೆಂಡಿಗೆ 5 ಮೀಟರಿನಂತೆ ಅವರನ್ನು ಎಳೆದುಕೊಂಡೇ ಹೋಗುತ್ತದೆ.

ಪಳಗಿದವರು ಎದುರು ನಿಲ್ಲುವುದಿಲ್ಲ. ಪಕ್ಕದಿಂದ ಬಂದು ನಾಲ್ಕು ಹೆಜ್ಜೆ ಹೋರಿಯ ಜೊತೆಗೇ ಓಡುತ್ತಾರೆ. ಜೊತೆಗೆ ಓಡುವವನ ಪಾಲಿಗೆ ಹೋರಿ ಹೆಚ್ಚುಕಡಿಮೆ ನಿಂತ ಹಾಗೆಯೇ. ಕೊರಳು ಕೈಗೆ ಎಟುಕುತ್ತದೆ, ಸರದ ದಾರ ಒಂದೇ ಜಗ್ಗಿಗೆ ಹರಿಯುತ್ತದೆ. ಹೋರಿಯನ್ನು ನಿಲ್ಲಿಸುವ ಹಟ ಅವರಿಗಿಲ್ಲ, ಕೊಬ್ಬರಿ ಸಿಕ್ಕರೆ ಸಾಕು.

ದಪ್ಪ ಹೋರಿ ಗಕ್ಕನೆ ತಿರುಗಲಾರದು ಎಂಬ ಮಾತೊಂದಿದೆ. ಅದು ಪೂರ್ತಿ ಸರಿಯಲ್ಲ. ತಿರುಗಲು ಬೇಕಾದ ಪಕ್ಕದ ಬಲವನ್ನು ಕೊಡುವುದು ನೆಲದ ಘರ್ಷಣೆ. ತೂಕ ಇಮ್ಮಡಿಯಾದರೆ ಬೇಕಾದ ಬಲ ಇಮ್ಮಡಿಯಾಗುತ್ತದೆ, ಆದರೆ ನೆಲದ ಹಿಡಿತವೂ ಅಷ್ಟೇ ಹೆಚ್ಚುತ್ತದೆ. ದ್ರವ್ಯರಾಶಿ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು ವೇಗ, ಅದೂ ವರ್ಗವಾಗಿ. ಸೆಕೆಂಡಿಗೆ 8 ಮೀಟರ್ ಓಡುವ ಹೋರಿ ತಿರುಗಲು ಹತ್ತು ಮೀಟರಿಗೂ ಮಿಕ್ಕ ತ್ರಿಜ್ಯ ಬೇಕಾದರೆ, ಅಷ್ಟೇ ಹಿಡಿತದ ನೆಲದಲ್ಲಿ ಅದರ ಅರ್ಧ ವೇಗದವನಿಗೆ ಮೂರು ಮೀಟರಿನೊಳಗೆ ಸಾಕು. ಪಕ್ಕಕ್ಕೆ ಜಿಗಿದವನು ಬದುಕಿಕೊಳ್ಳುವುದು ಈ ಲೆಕ್ಕದಲ್ಲಿ. ಅಖಾಡದ ಕೊನೆಯಲ್ಲಿ ಮೊಬೈಲ್ ಹಿಡಿದು ನಿಂತವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಹೋರಿ ಹಬ್ಬದಲ್ಲಿ ಜೀವ ಕಳೆದುಕೊಂಡವರಲ್ಲಿ ಬರೀ ನೋಡಲು ಬಂದವರೂ ಇದ್ದಾರೆ. ಗಟ್ಟಿ ಬೇಲಿ ಹಾಕದೆ ಹೋರಿ ಬಿಡುವುದನ್ನು ನಾನಂತೂ ಶೌರ್ಯ ಎನ್ನಲಾರೆ.

ಇದೇ ಸೀಮೆಯ ಬಳ್ಳಿಗಾವಿಯಲ್ಲಿ ಓಡದ ಭಾರವೊಂದಿದೆ. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಲು ಬಂದವರು ತಲೆಯೆತ್ತಿ ನೋಡುವ ಗಂಡಭೇರುಂಡ ಕಂಬ. ಚಾಳುಕ್ಯ ಒಂದನೇ ಸೋಮೇಶ್ವರನ ಕಾಲದಲ್ಲಿ, 1047ರಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ್ದು. ಒಂದೇ ಕಲ್ಲಿನ ಕಂಬ, ಸುಮಾರು 30 ಅಡಿ ಎತ್ತರ, ಒಂದೂವರೆ ಅಡಿ ದಪ್ಪ. ತುದಿಯಲ್ಲಿ ಮನುಷ್ಯನ ಮೈಗೆ ಎರಡು ಹಕ್ಕಿತಲೆ ಹೊತ್ತ ಭೇರುಂಡ. ಕಲ್ಲಿನ ಸಾಂದ್ರತೆಯಿಂದ ಗುಣಿಸಿದರೆ ಕಂಬವೊಂದೇ ನಾಲ್ಕು ಟನ್ನಿನ ಆಸುಪಾಸು, ಅಂದರೆ ಹತ್ತು ಹೋರಿ.

ಅಲುಗದೆ ನಿಂತಿದೆ ಎಂದ ಮಾತ್ರಕ್ಕೆ ಅದರ ಮೇಲೆ ಬಲವಿಲ್ಲ ಎಂದಲ್ಲ. ಭೂಮಿ ನಾಲ್ಕು ಟನ್ ಕೆಳಗೆ ಎಳೆಯುತ್ತಿದೆ, ಬುಡ ಅಷ್ಟನ್ನೇ ಮೇಲಕ್ಕೆ ಒತ್ತುತ್ತಿದೆ. ಒಂಬತ್ತು ಶತಮಾನ ದಾಟಿದರೂ ಈ ಜಗ್ಗಾಟದಲ್ಲಿ ಯಾರೂ ಗೆದ್ದಿಲ್ಲ. ಭಾರಕೇಂದ್ರದಿಂದ ಇಳಿಬಿಟ್ಟ ಗೆರೆ ಬುಡದೊಳಗೇ ಬೀಳುವವರೆಗೆ ಗೆಲ್ಲುವುದೂ ಇಲ್ಲ.

ನಿಲ್ಲಿಸುವಾಗಿನ ಕಷ್ಟ ಬೇರೆ. ಮಲಗಿದ ಕಂಬದ ಒಂದು ತುದಿಯನ್ನು ನೆಲದಿಂದ ಬಿಡಿಸಲು ಅರ್ಧ ಭಾರ, ಎರಡು ಟನ್ ಎತ್ತಬೇಕು: ತಲೆಗೆ ನಲವತ್ತು ಕಿಲೋದಂತೆ ಐವತ್ತು ಆಳು. ಕಂಬ ಓರೆಯಾಗುತ್ತ ಏಳುತ್ತಿದ್ದಂತೆ ಭಾರವೆಲ್ಲ ಬುಡಕ್ಕೆ ಜಾರಿ ಎಳೆಯುವವರ ಕೈ ಹಗುರವಾಗುತ್ತದೆ. ಅಪಾಯ ಇರುವುದು ಅಲ್ಲೇ. ನೆಟ್ಟಗಾಗುವ ಹೊತ್ತಿಗೆ ಕಂಬಕ್ಕೆ ತನ್ನದೇ ಓಟ ಬಂದಿರುತ್ತದೆ. ಹಗ್ಗ ಬಿಟ್ಟರೂ ಅದು ನಿಲ್ಲದೆ ಎಳೆಯುವವರ ಮೇಲೆಯೇ ಉರುಳೀತು. ಹಾಗಾಗಿ ಹಿಂಬದಿಗೂ ಹಗ್ಗ ಬಿಗಿದು, ಕಂಬ ಏಳುವ ಮೊದಲೇ ಅಲ್ಲೊಂದು ತಂಡವನ್ನು ನಿಲ್ಲಿಸಿಕೊಂಡಿರಬೇಕು.