ಸ್ಟೆಪ್ನಿ ಹಾಕಿದ್ದಾಯಿತು, ಪಂಕ್ಚರ್ ಆದ ದೊಡ್ಡ ಚಕ್ರ ಎಲ್ಲಿಡ್ತೀರಿ?

ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟಾಗ ಕಾರಿನ ಡಿಕ್ಕಿ ಹೇಗಿರುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಸೂಟ್‌ಕೇಸ್, ಬಟ್ಟೆಯ ಬ್ಯಾಗು, ನೀರಿನ ಕ್ಯಾನು, ನೆಂಟರಿಗೆಂದು ಕೊಂಡ ಸಾಮಾನು ಎಲ್ಲವೂ ಒಂದರ ಮೇಲೊಂದು. ಅವೆಲ್ಲದರ ಅಡಿಯಲ್ಲಿ ಸ್ಟೆಪ್ನಿ. ದಾರಿಯಲ್ಲಿ ಪಂಕ್ಚರ್ ಆದರೆ ಸಾಮಾನು ಇಳಿಸಿ, ಸ್ಟೆಪ್ನಿ ತೆಗೆದು ಹಾಕಿದರೆ ಮುಗಿಯಿತು ಎಂಬುದು ನಮ್ಮ ಲೆಕ್ಕ.

ಆದರೆ ಈಗಿನ ಹಲವು ಕಾರುಗಳಲ್ಲಿ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊರಬಂದ ಸ್ಟೆಪ್ನಿ ಚಿಕ್ಕದು, ಕಳಚಿದ ಚಕ್ರ ದೊಡ್ಡದು. ಸ್ಟೆಪ್ನಿ ಇದ್ದ ಗುಂಡಿಯಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಇಳಿಸಿದ ಸಾಮಾನು ಮತ್ತೆ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಹೆದ್ದಾರಿಯ ಬದಿಯಲ್ಲಿ, ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿರುವಾಗ, ಯಾವುದನ್ನು ಎಲ್ಲಿಡುವುದು ಎಂದು ಯೋಚಿಸುತ್ತಾ ನಿಲ್ಲಬೇಕಾಗುತ್ತದೆ. ಅಲ್ಲಿ ನಿಲ್ಲುವ ಪ್ರತಿ ನಿಮಿಷವೂ ಅಪಾಯದ್ದೇ. ಹಾಗಾಗಿ ಈ ಪ್ರಶ್ನೆಗೆ ಉತ್ತರವನ್ನು ಮನೆಯ ಪಾರ್ಕಿಂಗ್‌ನಲ್ಲೇ ಕಂಡುಕೊಂಡು ಹೊರಡುವುದು ಒಳ್ಳೆಯದು.

ನಿಮ್ಮ ಕಾರಿನಲ್ಲಿ ಯಾವ ಸ್ಟೆಪ್ನಿ ಇದೆ?

ಸ್ಟೆಪ್ನಿ ಎಂಬ ಹೆಸರು ಬಂದಿದ್ದು ಬ್ರಿಟನ್ನಿನ ವೇಲ್ಸ್‌ನಿಂದ. ಅಲ್ಲಿನ ಲನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ನಡೆಸುತ್ತಿದ್ದ ಡೇವೀಸ್ ಸಹೋದರರು 1904ರಲ್ಲಿ ಹೆಚ್ಚುವರಿ ಚಕ್ರವನ್ನು ಮಾರಾಟಕ್ಕೆ ತಂದರು. ಆ ಬೀದಿಯ ಹೆಸರು ನಮ್ಮಲ್ಲಿ ಇಂದಿಗೂ ಉಳಿದಿದೆ, ಆದರೆ ಡಿಕ್ಕಿಯಲ್ಲಿರುವ ವಸ್ತು ಬದಲಾಗಿದೆ. ಈಗ ಮುಖ್ಯವಾಗಿ ನಾಲ್ಕು ಬಗೆ ಕಾಣಸಿಗುತ್ತವೆ.

* ಪೂರ್ಣ ಗಾತ್ರದ ಸ್ಟೆಪ್ನಿ: ಓಡುವ ನಾಲ್ಕು ಚಕ್ರಗಳಷ್ಟೇ ಅಗಲ, ಅಷ್ಟೇ ಎತ್ತರ. ರಿಮ್ ಮಾತ್ರ ಅಲಾಯ್ ಬದಲು ಸ್ಟೀಲ್ ಆಗಿರಬಹುದು.

* ಒಂದು ಅಳತೆ ಚಿಕ್ಕ ಸ್ಟೆಪ್ನಿ: ಮೇಲಿನ ವೇರಿಯಂಟ್‌ಗಳಲ್ಲಿ 16 ಅಥವಾ 17 ಇಂಚಿನ ಅಲಾಯ್ ಇದ್ದು, ಡಿಕ್ಕಿಯಲ್ಲಿ ಅದಕ್ಕಿಂತ ಚಿಕ್ಕ ಸ್ಟೀಲ್ ಚಕ್ರ ಇರುವುದು ನಮ್ಮಲ್ಲಿ ಸಾಮಾನ್ಯ.

* ಸ್ಪೇಸ್ ಸೇವರ್: ಜಾಗ ಉಳಿಸಲೆಂದೇ ಮಾಡಿದ ತೆಳ್ಳನೆಯ ಚಕ್ರ. ಇದರ ಅಳತೆ 'ಟಿ' ಅಕ್ಷರದಿಂದ ಶುರುವಾಗುತ್ತದೆ. ಟಿ ಎಂದರೆ ತಾತ್ಕಾಲಿಕ.

* ಸ್ಟೆಪ್ನಿಯೇ ಇಲ್ಲ: ಬದಲಿಗೆ ಪಂಕ್ಚರ್ ರಿಪೇರಿ ಕಿಟ್. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಬ್ಯಾಟರಿಗೆ ಜಾಗ ಬೇಕಾದ ಎಲೆಕ್ಟ್ರಿಕ್ ಕಾರುಗಳಿಗೆ ಇದರಿಂದ ಅನುಕೂಲವಾಯಿತು.

ಇನ್ನೋವಾದಂಥ ಕಾರುಗಳಲ್ಲಿ ಸ್ಟೆಪ್ನಿ ಕಾರಿನ ಹೊಟ್ಟೆಯಡಿಯಲ್ಲಿ ನೇತಾಡುತ್ತದೆ. ಥಾರ್, ಜಿಮ್ನಿಯಂಥವುಗಳಲ್ಲಿ ಹಿಂಬಾಗಿಲಿಗೆ ಕೂತಿರುತ್ತದೆ. ಅಲ್ಲಿ ಪಂಕ್ಚರ್ ಆದ ಚಕ್ರವನ್ನು ಸ್ಟೆಪ್ನಿಯ ಜಾಗಕ್ಕೇ ಸಿಕ್ಕಿಸಬಹುದು. ತಲೆನೋವು ಇರುವುದು ಡಿಕ್ಕಿಯ ಗುಂಡಿಯಲ್ಲಿ ಸ್ಟೆಪ್ನಿ ಮಲಗಿರುವ ಕಾರುಗಳಲ್ಲಿ.

ಗುಂಡಿಯಲ್ಲಿ ಏಕೆ ಕೂರುವುದಿಲ್ಲ?

ಟೈರಿನ ಮೇಲೆ ಬರೆದಿರುವ ಸಂಖ್ಯೆಗಳಲ್ಲೇ ಉತ್ತರವಿದೆ. 215/60 ಆರ್17 ಎಂದರೆ ಟೈರಿನ ಅಗಲ 215 ಮಿ.ಮೀ. ಅಂಚಿನ ಎತ್ತರ ಆ ಅಗಲದ ಶೇ 60, ಅಂದರೆ 129 ಮಿ.ಮೀ. ರಿಮ್ 17 ಇಂಚು, ಅಂದರೆ 432 ಮಿ.ಮೀ. ರಿಮ್‌ಗೆ ಮೇಲೊಂದು ಕೆಳಗೊಂದು ಅಂಚು ಕೂಡಿಸಿದರೆ ಚಕ್ರದ ಒಟ್ಟು ಎತ್ತರ 690 ಮಿ.ಮೀ.

ಅದೇ ಕಾರಿಗೆ 205/65 ಆರ್16 ಸ್ಟೆಪ್ನಿ ಕೊಟ್ಟಿದ್ದರೆ ಅದರ ಎತ್ತರ ಸುಮಾರು 673 ಮಿ.ಮೀ. ವ್ಯತ್ಯಾಸ ಎತ್ತರದಲ್ಲಿ 17 ಮಿ.ಮೀ., ಅಗಲದಲ್ಲಿ 10 ಮಿ.ಮೀ. ಇಂಥ ಕಡೆ ದೊಡ್ಡ ಚಕ್ರವನ್ನು ಒತ್ತಿ ಕೂರಿಸಬಹುದು, ಮೇಲಿನ ಹಲಗೆ ಸ್ವಲ್ಪ ಎದ್ದುಕೊಳ್ಳಬಹುದು, ಅಷ್ಟೆ. ಸ್ಪೇಸ್ ಸೇವರ್ ಕಥೆ ಬೇರೆ. ಅದರ ಅಗಲ 125 ಮಿ.ಮೀ. ಆಸುಪಾಸು. ಗುಂಡಿಯ ಆಳವೂ ಅದಕ್ಕೆ ತಕ್ಕಷ್ಟೇ ಇದ್ದರೆ, 215 ಮಿ.ಮೀ. ಅಗಲದ ಚಕ್ರ ಅಲ್ಲಿ ಮಲಗಿದರೂ ಸುಮಾರು 9 ಸೆಂ.ಮೀ. ಮೇಲೆ ಉಳಿಯುತ್ತದೆ. ಹಲಗೆ ಮುಚ್ಚುವುದಿಲ್ಲ. ಚಕ್ರವನ್ನು ನಡುವೆ ಬಿಗಿಯುವ ಸ್ಕ್ರೂ ಕೂಡ ಅಷ್ಟು ಎತ್ತರಕ್ಕೆ ಎಟುಕದೆ ಇರಬಹುದು.

ರಿಮ್ ಚಿಕ್ಕದು ಎಂದ ಮಾತ್ರಕ್ಕೆ ಚಕ್ರವೂ ಚಿಕ್ಕದು ಎಂದುಕೊಳ್ಳಬೇಡಿ. 195/55 ಆರ್16 ಮತ್ತು 185/65 ಆರ್15 ಟೈರುಗಳನ್ನು ಇದೇ ರೀತಿ ಲೆಕ್ಕ ಹಾಕಿ ನೋಡಿ. ಎರಡರ ಎತ್ತರವೂ ಸುಮಾರು 621 ಮಿ.ಮೀ. ಹೀಗಿದ್ದರೆ ಸ್ಟೆಪ್ನಿಯ ಮೇಲೆ ಕಾರು ಹೆಚ್ಚುಕಡಿಮೆ ಎಂದಿನಂತೆಯೇ ಓಡುತ್ತದೆ.

ಕಳಚಿದ ಚಕ್ರವನ್ನು ಎಲ್ಲಿಡಬೇಕು?

ಟೈರ್ ಸಹಿತ ಒಂದು ಪೂರ್ಣ ಚಕ್ರದ ತೂಕ ಸಾಮಾನ್ಯವಾಗಿ 15ರಿಂದ 20 ಕೆ.ಜಿ. ಅದನ್ನು ಹಿಂದಿನ ಸೀಟಿನ ಮೇಲೆ ಮಕ್ಕಳ ಪಕ್ಕ ನಿಲ್ಲಿಸಿಕೊಂಡು ಹೊರಡುವವರಿದ್ದಾರೆ. ಇದು ಬೇಡವೇ ಬೇಡ. 50 ಕಿ.ಮೀ. ವೇಗದಲ್ಲಿರುವ ಕಾರು ಏನಕ್ಕಾದರೂ ಗುದ್ದಿ ತಟ್ಟನೆ ನಿಂತರೆ, ಕಟ್ಟದ ಚಕ್ರ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದರ ಹೊಡೆತ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಚಕ್ರ ಕೆಳಗೆ ಬಿದ್ದಷ್ಟು.

ಸರಿಯಾದ ಜಾಗ ಡಿಕ್ಕಿಯೇ. ಚಕ್ರವನ್ನು ನಿಲ್ಲಿಸದೆ ಮಲಗಿಸಿ, ಹಿಂದಿನ ಸೀಟಿನ ಬೆನ್ನಿಗೆ ತಾಗುವಂತೆ ತಳ್ಳಿ. ಡಿಕ್ಕಿಯಲ್ಲಿ ಕೊಕ್ಕೆಗಳಿದ್ದರೆ ಬೆಲ್ಟ್ ಅಥವಾ ಗಟ್ಟಿ ಹಗ್ಗದಿಂದ ಅವಕ್ಕೆ ಬಿಗಿಯಿರಿ. ಕೊಕ್ಕೆ ಇಲ್ಲದಿದ್ದರೆ ಭಾರದ ಸೂಟ್‌ಕೇಸ್‌ಗಳನ್ನು ಸುತ್ತ ಒತ್ತಾಗಿ ಜೋಡಿಸಿ. ಜಾಗ ಸಾಲದಿದ್ದರೆ ಒಳಗೆ ಬರಬೇಕಾದದ್ದು ಚಕ್ರವಲ್ಲ, ಬಟ್ಟೆಯಂಥ ಹಗುರ ಬ್ಯಾಗುಗಳು. ಅವೂ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿರಲಿ. ಬೇರೆ ದಾರಿಯೇ ಇಲ್ಲವೆಂದರೆ ಚಕ್ರವನ್ನೇ ಮುಂದಿನ ಸೀಟಿನ ಹಿಂದೆ ನೆಲಕ್ಕೆ ಇಳಿಸಿ, ಆ ಜಾಗದಲ್ಲಿ ಯಾರನ್ನೂ ಕೂರಿಸಬೇಡಿ. ಕ್ಯಾರಿಯರ್ ಇಲ್ಲದೆ ಚಕ್ರವನ್ನು ಕಾರಿನ ಮೇಲೆ ಕಟ್ಟುವ ಸಾಹಸ ಬೇಡ.

ಸಿಎನ್‌ಜಿ ಕಾರುಗಳಲ್ಲಿ ಸಿಲಿಂಡರ್ ಡಿಕ್ಕಿಯ ಹೆಚ್ಚಿನ ಜಾಗವನ್ನು ತಿಂದಿರುತ್ತದೆ. ಅಂಥ ಕಾರಿದ್ದವರು ಚಕ್ರದ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಇನ್ನಷ್ಟು ಮುಖ್ಯ.

ಚಿಕ್ಕ ಸ್ಟೆಪ್ನಿಯಲ್ಲಿ ಎಷ್ಟು ದೂರ, ಎಷ್ಟು ವೇಗ?

ಸ್ಪೇಸ್ ಸೇವರ್ ಮೇಲೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಎಂಬ ಮಿತಿಯ ಸ್ಟಿಕರ್ ಇರುತ್ತದೆ. ಅದು ಸಲಹೆಯಲ್ಲ, ಮಿತಿ. ತೆಳ್ಳನೆಯ ಟೈರಿಗೆ ರಸ್ತೆಯ ಮೇಲೆ ಹಿಡಿತ ಕಡಿಮೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಮಳೆಯಲ್ಲಿ, ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಎಂಜಿನ್‌ನ ಶಕ್ತಿ ಹೋಗುವ ಚಕ್ರಗಳಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು ಇದ್ದರೆ ಚಿಕ್ಕದು ಹೆಚ್ಚು ಸುತ್ತು ತಿರುಗಬೇಕು. ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್ ಆಗ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿಯುತ್ತದೆ. ನಮ್ಮ ಬಹುತೇಕ ಕಾರುಗಳು ಮುಂದಿನ ಚಕ್ರದಿಂದ ಓಡುವಂಥವು. ಮುಂದಿನ ಚಕ್ರವೇ ಪಂಕ್ಚರ್ ಆಗಿ ದೂರ ಹೋಗಬೇಕಿದ್ದರೆ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕುವುದು ಉತ್ತಮ. ಕೆಲಸ ಎರಡು ಪಟ್ಟು, ಹಾಗಾಗಿ ಇದನ್ನು ಸುರಕ್ಷಿತ ಜಾಗ ತಲುಪಿದ ಮೇಲೆ ಮಾಡಿ.

ಟೈರಿನ ನೆಲ ತಾಗುವ ಭಾಗಕ್ಕೆ ಮೊಳೆ ಚುಚ್ಚಿದ್ದರೆ ಚಿಂತೆ ಕಡಿಮೆ. ಪಂಕ್ಚರ್ ಅಂಗಡಿ ಸಿಕ್ಕಿದ ತಕ್ಷಣ ರಿಪೇರಿ ಮಾಡಿಸಿ, ಅದೇ ಚಕ್ರವನ್ನು ಮರಳಿ ಹಾಕಿಸಿಕೊಳ್ಳಿ. ಟೈರಿನ ಪಕ್ಕದ ಗೋಡೆ ಸೀಳಿದ್ದರೆ ಮಾತ್ರ ಕಷ್ಟ. ಅದಕ್ಕೆ ಪ್ಯಾಚ್ ಕೆಲಸ ಮಾಡುವುದಿಲ್ಲ, ಕಿಟ್‌ನ ದ್ರಾವಣವೂ ನಿಲ್ಲುವುದಿಲ್ಲ. ಹೊಸ ಟೈರೇ ಬೇಕು. 17 ಇಂಚಿನ ಟೈರ್ ಚಿಕ್ಕ ಊರಿನ ಅಂಗಡಿಯಲ್ಲಿ, ಅದೂ ಭಾನುವಾರ ಸಂಜೆ ಸಿಗುವುದು ಅನುಮಾನ. ಪುಣೆಯಿಂದ ಬೆಳಗಾವಿಗೇ ಸುಮಾರು 340 ಕಿ.ಮೀ. ಇಂಥ ದಾರಿಯ ನಡುವೆ ಟೈರ್ ಸೀಳಿದಾಗಲೇ ಪೂರ್ಣ ಗಾತ್ರದ ಸ್ಟೆಪ್ನಿಯ ಬೆಲೆ ಗೊತ್ತಾಗುವುದು.

ಹಾಗಾದರೆ ಪೂರ್ಣ ಗಾತ್ರದ್ದು ಕೊಳ್ಳಬೇಕೇ?

ನಗರದೊಳಗೇ ಓಡಾಡುವವರಿಗೆ ಅಗತ್ಯವಿಲ್ಲ. ವರ್ಷಕ್ಕೆ ಕೆಲವು ಬಾರಿಯಾದರೂ ನೂರಾರು ಕಿ.ಮೀ. ದೂರದ ಊರಿಗೆ ಕುಟುಂಬದೊಂದಿಗೆ ಹೋಗುವವರು ಯೋಚಿಸಬಹುದು. ಅಲಾಯ್ ಬದಲು ಅದೇ ಅಳತೆಯ ಸ್ಟೀಲ್ ರಿಮ್ ಕೊಂಡರೆ ಖರ್ಚು ಕಡಿಮೆ. ಸ್ಟೀಲ್ ರಿಮ್‌ಗೆ ಬೇರೆ ನಟ್ ಬೇಕೇ ಎಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಕೊಳ್ಳುವ ಮೊದಲು ಓಡುವ ಚಕ್ರವೊಂದನ್ನು ಬಿಚ್ಚಿಸಿ ಗುಂಡಿಯಲ್ಲಿ ಇಟ್ಟು ನೋಡಿ. ಕೂತರೆ ಕೊಳ್ಳಿ. ಕೂರದಿದ್ದರೆ, ದೂರದ ಪ್ರಯಾಣಕ್ಕೆ ಮಾತ್ರ ಡಿಕ್ಕಿಯಲ್ಲಿ ಕಟ್ಟಿಕೊಂಡು ಹೋಗಬಹುದು, ಆದರೆ ಸಾಮಾನಿನ ಜಾಗ ಹೋಗುತ್ತದೆ.

ಪೂರ್ಣ ಗಾತ್ರದ್ದು ಇದ್ದರೂ ಒಂದು ಎಚ್ಚರ ಬೇಕು. ಅದನ್ನು ಹಾಕಿದ ಮೇಲೆ ಕಾರು ಎಂದಿನಂತೆಯೇ ಓಡುವುದರಿಂದ ಡಿಕ್ಕಿಯಲ್ಲಿರುವ ಪಂಕ್ಚರ್ ಚಕ್ರ ಮರೆತೇಹೋಗುತ್ತದೆ. ಮುಂದಿನ ಪಂಕ್ಚರ್ ಆದಾಗ ಕೈಯಲ್ಲಿ ಏನೂ ಇರುವುದಿಲ್ಲ. ಅಂದೇ ರಿಪೇರಿ ಮಾಡಿಸಿ.

ಹೊರಡುವ ಮುನ್ನ ಹತ್ತು ನಿಮಿಷ

* ಡಿಕ್ಕಿಯ ಹಲಗೆ ಎತ್ತಿ ಸ್ಟೆಪ್ನಿಯ ಅಳತೆ ಓದಿ, ಓಡುವ ಟೈರಿನ ಅಳತೆಗೆ ಹೋಲಿಸಿ.

* ಗಾಳಿ ನೋಡಿಸಿ. ಸ್ಪೇಸ್ ಸೇವರ್‌ಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಪೆಟ್ರೋಲ್ ಬಂಕಿನಲ್ಲಿ ಹೇಳದಿದ್ದರೆ ಬೇರೆ ಟೈರಿನಷ್ಟೇ ಹಾಕಿಬಿಡುತ್ತಾರೆ.

* ಟೈರಿನ ಮೇಲಿನ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆ ನೋಡಿ. 2319 ಎಂದರೆ 2019ರ 23ನೇ ವಾರ. ಬಳಸದಿದ್ದರೂ ರಬ್ಬರ್ ಹಳೆಯದಾಗುತ್ತದೆ, ಹತ್ತು ವರ್ಷ ದಾಟಿದ್ದನ್ನು ನಂಬಬೇಡಿ. ಕಿಟ್ ಇದ್ದರೆ ದ್ರಾವಣದ ಬಾಟಲಿಯ ಅವಧಿ ನೋಡಿ.

* ಜಾಕ್, ಸ್ಪ್ಯಾನರ್, ಅಲಾಯ್‌ಗೆ ಲಾಕ್ ನಟ್ ಇದ್ದರೆ ಅದರ ಕೀ ಸಾಮಾನಿನ ಅಡಿಯಲ್ಲಿ ಹೂತುಹೋಗದಿರಲಿ.

* ಕೆಸರಾದ ಚಕ್ರ ಸುತ್ತಲು ಹಳೆಯ ಬೆಡ್‌ಶೀಟ್, ಕಟ್ಟಲು ಬೆಲ್ಟ್, ಒಂದು ಟಾರ್ಚ್ ಇಟ್ಟುಕೊಳ್ಳಿ.

ಪಂಕ್ಚರ್ ಆದ ಜಾಗ ಇಕ್ಕಟ್ಟಾಗಿದ್ದರೆ ಅಲ್ಲೇ ಜಾಕ್ ಹಾಕಬೇಡಿ. ನಿಧಾನವಾಗಿ ಅಗಲವಾದ ಜಾಗಕ್ಕೆ ಹೋಗಿ ನಿಲ್ಲಿಸಿ. ಟೈರ್ ಹಾಳಾದರೂ ಪರವಾಗಿಲ್ಲ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಡಿ, ಮಕ್ಕಳು ಹಿರಿಯರನ್ನು ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವು ಬೇಕಾದರೆ 1033ಕ್ಕೆ, ತುರ್ತಿದ್ದರೆ 112ಕ್ಕೆ ಕರೆ ಮಾಡಿ.